ಬ್ರೇಕು ನಡುಗಿದ ದಿನ

ಕಾಲಡಿಯಲ್ಲಿ ಬ್ರೇಕು ಗಡಗಡ ನಡುಗಿತು!

ರಾಜಘಟ್ಟದ ತಿರುವಿನಲ್ಲಿ ಕುರಿಮಂದೆ ಎದುರಾಗಿತ್ತು. ಅನಿತ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕು ಒತ್ತಿದ್ದಳು. ಅಷ್ಟರಲ್ಲಿ ಈ ನಡುಕ... ಏನಾಯಿತೆಂದು ತಿಳಿಯುವ ಮೊದಲೇ ಕಾರು ಹೊಲಕ್ಕಿಳಿದು ರಾಗಿಹುಲ್ಲಿನ ಬಣವೆಗೆ ನುಗ್ಗಿ ನಿಂತಿತು.

ಕುರಿಗಳಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಆದಿನಾರಾಯಣಪ್ಪನವರ ಎಡಗೈ ಮುರಿದಿತ್ತು. ಬಲಗೈ ಚೆನ್ನಾಗಿಯೇ ಇತ್ತು. ಕೆಳಗಿಳಿದವರೇ ಹಿಂದಿನ ಸೀಟಿನಿಂದ ಇಳಿದ ಮೆಕ್ಯಾನಿಕ್ ನಂದಕುಮಾರನ ಕೆನ್ನೆಗೆ ಅದರಿಂದಲೇ ಬಾರಿಸಿದರು.

"ಗುಜರಿ ಪೆಟ್ಟಿಗೆ ಹಾಕಿ ನನ್ನ ಮಗಳನ್ನ ಸಾಯಿಸೋಕೆ ಹೊರಟಿದ್ಯೇನೋ?"

ದೊಡ್ಡಬಳ್ಳಾಪುರದಲ್ಲಿ ಸೀರೆ ವ್ಯಾಪಾರ ಮಾಡುವ ಆದಿನಾರಾಯಣಪ್ಪನವರು ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಹಳೆಯ ಫಾರಿನ್ ಕಾರೊಂದನ್ನು ಕೊಂಡಿದ್ದರು. ಬ್ರೇಕು ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಪೆಟ್ಟಿಗೆ ಅದರಲ್ಲಿ ಕೆಟ್ಟಿತ್ತು. ಹೊಸದು ಪರದೇಶದಿಂದಲೇ ಬರಬೇಕು. ನಂದಕುಮಾರ್ ಬೆಂಗಳೂರಿನ ಗುಜರಿಯಲ್ಲಿ ಅದೇ ಜಾತಿಯ ಕಾರು ಹುಡುಕಿ, ಅದರ ಪೆಟ್ಟಿಗೆ ಬಿಚ್ಚಿ ತಂದು ಹಾಕಿದ್ದ. ಸರಿಹೋಯಿತೋ ಇಲ್ಲವೋ ನೋಡಲು ಅವತ್ತು ಜೊತೆಗೆ ಬಂದಿದ್ದ. ಎರಡು ಸೀಟಿನ ನಡುವೆ ಬಗ್ಗಿ, ಎಬಿಎಸ್ ಕೆಟ್ಟರೆ ಹೊತ್ತುವ ಹಳದಿ ದೀಪ ಆರಿದೆಯೇ ಎಂದು ನೋಡುತ್ತಲೇ ಇದ್ದ.

ಹೊಡೆತ ತಿಂದವನು ಅನಿತಳ ಕಡೆ ಒಮ್ಮೆ ನೋಡಿದ.

"ಬ್ರೇಕು ಹಿಡೀಲಿಲ್ಲ..." ಎಂದಳು ಅವಳು.

"ತಪ್ಪು ನನ್ನದೇ ಯಜಮಾನ್ರೇ" ಎಂದ ಅವನು.

ಅಷ್ಟೇ. ಒಂದು ವಾದವಿಲ್ಲ, ಒಂದು ಸಬೂಬಿಲ್ಲ. ಅನಿತಳಿಗೆ ಅವನ ಮೇಲೆ ಸಿಟ್ಟು ಬಂತು. ಆದರೆ ಅವನ ಆ ನೋಟದಲ್ಲಿ ಸಿಟ್ಟೇ ಇರಲಿಲ್ಲವಲ್ಲ... ಯಾಕೆ? ಹಾಸಿಗೆಗೆ ಒರಗಿದರೂ ಅದೇ ನೋಟ ಕಣ್ಣ ಮುಂದೆ ಬರುತ್ತಿತ್ತು.

ಊರ ಬಾಯಿಗೆ ಬೀಗ ಹಾಕುವವರು ಯಾರು? ನಂದಕುಮಾರ್ ಮುಟ್ಟಿದ ಬ್ರೇಕು ಯಮನ ಬ್ರೇಕು ಎಂದು ಸುದ್ದಿಯಾಯಿತು. ಒಂದು ತಿಂಗಳಲ್ಲಿ ಅವನ ಶೆಡ್ಡಿನ ಮುಂದೆ ಸೈಕಲ್ ಕೂಡ ನಿಲ್ಲದಂತಾಯಿತು. ಹೊಸೂರಿನಲ್ಲಿ ಕೆಲಸ ಸಿಕ್ಕಿದೆಯಂತೆ, ಇವತ್ತೇ ಹೊರಡುತ್ತಾನಂತೆ.

ಆ ಮಾತು ಕಿವಿಗೆ ಬಿದ್ದ ದಿನವೇ ಅನಿತ ತಮ್ಮದೇ ವಿದ್ಯುತ್ ಮಗ್ಗದ ಮನೆಗೆ ಹೋಗಿದ್ದಳು. ಹೊಸದಾಗಿ ಸೇರಿದ್ದ ಹೆಂಗಸಿಗೆ ಅಮ್ಮ ವರಲಕ್ಷ್ಮಮ್ಮ ಕೆಲಸ ಹೇಳಿಕೊಡುತ್ತಿದ್ದರು.

"ಮಿಷನ್ನು ನಡುಗ್ತು ಅಂದ್ರೆ ಯೋಚ್ನೆ ಮಾಡ್ಬೇಡ ತಾಯಿ. ಮೊದ್ಲು ಕೈಕಾಲು ಹಿಂದಕ್ ತಕ್ಕೋ. ನಮ್ಮ ಅನಿತಂಗೆ ನಡಿಯೋಕೆ ಬರೋಕ್ ಮುಂಚೆನೇ ಇದನ್ನ ಕಲ್ಸಿದೀನಿ."

ಅನಿತ ಹೊಸ್ತಿಲಲ್ಲೇ ನಿಂತುಬಿಟ್ಟಳು.

ನಡುಗಿದರೆ ಹಿಂದಕ್ಕೆ... ಅವತ್ತು ಬ್ರೇಕು ನಡುಗಿತ್ತು. ನಾನು... ಅಯ್ಯೋ, ನಾನು ಕಾಲು ತೆಗೆದುಬಿಟ್ಟೆ!

ಬ್ರೇಕು ಕೈಕೊಟ್ಟಿರಲಿಲ್ಲ, ತಾನೇ ಅದನ್ನು ಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗದು. ಹೇಳಿದರೆ ಅಪ್ಪ ಈ ಜನ್ಮದಲ್ಲಿ ಕಾರಿನ ಕೀ ಕೊಡುವುದಿಲ್ಲ. ಹೇಳದಿದ್ದರೆ... ಅವನು ಹೊರಟೇಹೋಗುತ್ತಾನೆ.

ಮನೆಗೆ ಓಡಿ ಬಂದವಳೇ ಅಪ್ಪನ ಮುಂದೆ ನಿಂತಳು. "ಅಪ್ಪ, ಎದ್ದು ಬಾಪ್ಪ ನನ್ ಜೊತೆ."

"ಎಲ್ಲಿಗಮ್ಮ?"

"ಬಾಪ್ಪ, ಹೇಳ್ತೀನಿ."

ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಸಾಮಾನೆಲ್ಲ ಹೇರಿಯಾಗಿತ್ತು. ಅನಿತ ಲಾರಿ ಡ್ರೈವರಿಗೂ ಕೇಳುವಂತೆ ಹೇಳಿದಳು.

"ಅಪ್ಪ, ಬ್ರೇಕಿನ ತಪ್ಪಲ್ಲ. ಅದು ನಡುಗ್ತಿದ್ದ ಹಾಗೇ ನಾನೇ ಕಾಲು ತೆಗೆದ್ಬಿಟ್ಟೆ."

ಆದಿನಾರಾಯಣಪ್ಪನವರು ಮಗಳನ್ನೇ ನೋಡುತ್ತಾ ನಿಂತರು. ನಂದಕುಮಾರ್ ಮಾತ್ರ ತಲೆ ತಗ್ಗಿಸಿದ. ಆಶ್ಚರ್ಯದ ಗೆರೆಯೂ ಆ ಮುಖದಲ್ಲಿ ಮೂಡಲಿಲ್ಲ.

ಅನಿತ ಅವನ ಕಡೆ ತಿರುಗಿದಳು. "ನಿಮಗೆ... ಗೊತ್ತಿತ್ತಾ?"

"ಅಲ್ಲೇ ಬಗ್ಗಿದ್ನಲ್ಲ, ಕಂಡಿತು."

"ಹೇಳೋದಲ್ವಾ?"

"ಗಟ್ಟಿಯಾಗಿ ಒತ್ತಿದ್ರೆ ನಡುಗೋದೇ ಆ ಪೆಟ್ಟಿಗೆ ಕೆಲಸ ಕಣ್ರೀ. ಹಾಗೇ ಒತ್ತಿ ಹಿಡ್ಕೋಬೇಕು. ಅದನ್ನ ನಾನು ಮೊದ್ಲೇ ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನನ್ನದು ಅಂದಿದ್ದು ಸುಳ್ಳೇನಲ್ಲ."

"ಹೊಡೆದ್ನಲ್ಲಯ್ಯಾ ನಾನು" ಎಂದರು ಆದಿನಾರಾಯಣಪ್ಪನವರು. "ಆಗ್ಲಾದ್ರೂ ಬಾಯಿ ಬಿಡ್ಬಾರ್ದಾ?"

"ಬಿಟ್ಟಿದ್ರೆ ಅವರು ಮತ್ತೆ ಕಾರು ಮುಟ್ಟೋಕಾಗ್ತಿತ್ತಾ ಯಜಮಾನ್ರೇ? ಗೇರು ಹಾಕುವಾಗ ಅವರ ಮುಖ ನೋಡಿದ್ದೆ, ಕನ್ನಡೀಲಿ. ಅಷ್ಟು ಸಂತೋಷ ನನ್ನಿಂದ ಹಾಳಾಗೋದು ಬೇಡ ಅನ್ನಿಸ್ತು."

ಆದಿನಾರಾಯಣಪ್ಪನವರು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಸಿದು ಕುಳಿತರು.

ಅನಿತಳ ಕಣ್ಣು ತುಂಬಿ ಬಂತು. ಇಡೀ ಊರು ಉಗಿದರೂ ಈ ಮನುಷ್ಯ ತನ್ನ ಸಂತೋಷಕ್ಕೆ ಕಾವಲು ನಿಂತಿದ್ದಾನೆ. ಇವನನ್ನು ಬಿಟ್ಟುಕೊಡುವುದುಂಟೇ? ನಾಲಿಗೆ ಅವಳ ಅಪ್ಪಣೆ ಕೇಳಲಿಲ್ಲ.

"ಅಪ್ಪ, ನಾನು ಇವರನ್ನೇ ಮದುವೆ ಆಗ್ತೀನಿ."

ಲಾರಿ ಡ್ರೈವರ್ ಬೀಡಿ ಹಚ್ಚುವುದನ್ನೇ ಮರೆತ. ಹೇಳಿದವಳೇ ಬೆಚ್ಚಿಬಿದ್ದಳು. ಮಾತು ಹೊರಟುಹೋಗಿತ್ತು.

ಆದಿನಾರಾಯಣಪ್ಪನವರು ಹೊಡೆದ ಬಲಗೈಯನ್ನೇ ನೋಡಿಕೊಂಡರು. "ಬೇಡ ಅನ್ನೋಕೆ ನನಗೇನು ಮುಖ ಇದೆ ಈಗ... ಅವನನ್ನ ಕೇಳಮ್ಮ."

ನಂದಕುಮಾರ್ ಲಾರಿಯ ಕಡೆ ನೋಡಿದ. "ಹೊಸೂರಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ... ಸಾಮಾನೂ ಹೇರಾಗಿದೆ."

"ಇಳಿಸಿ."

"ಭಾರ ಇದೆ ರೀ. ಒಬ್ಬನ ಕೈಲಿ ಆಗಲ್ಲ."

ಅನಿತ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಹತ್ತಿರ ಹೋದಳು.

"ಒಬ್ಬರೇ ಇಳಿಸಿ ಅಂದ್ನಾ? ಆ ಕಡೆ ನೀವು ಹಿಡ್ಕೊಳ್ಳಿ."