ಸೋಮವಾರದ ಜ್ವರ

ಗುರುವಾರ ಹನ್ನೊಂದೂ ಮುಕ್ಕಾಲಿಗೆ ಸತ್ಯವತಿ ಮೂರನೆಯ ತೊಟ್ಟಿಲ ಬಳಿ ಬಗ್ಗಿದರು. ಕೂಸುಗಳು ಮಲಗಿದ್ದಾಗ ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು, ನೋಡಿದ್ದಕ್ಕೆ ಹಾಳೆಯಲ್ಲಿ ಸಹಿ ಹಾಕಬೇಕು. ಡೇಕೇರಿನ ನಿಯಮ.

ಹನ್ನೊಂದೂವರೆಗೆ ತನ್ವಿ ಸರಿಯಾಗಿಯೇ ಇದ್ದಳು. ಈಗ ಹಾಸಿಗೆಯೆಲ್ಲ ವಾಂತಿ. ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಕರೆದರೆ ಕಣ್ಣು ಬಿಡಲಿಲ್ಲ. ಹತ್ತು ತಿಂಗಳ ಮಗು ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತುಬಿತ್ತು.

"ಸಾಲೇಹಾ, ನೈನ್ ಒನ್ ಒನ್ ಮಾಡು. ಈಗಲೇ!"

ಇನ್ನೊಬ್ಬ ಟೀಚರು ಸಾಲೇಹಾ ಫೋನಿಗೆ ಓಡಿದಳು. ಆಂಬ್ಯುಲೆನ್ಸು ಏಳು ನಿಮಿಷಕ್ಕೆ ಬಂತು.

ಸಂಜೆ ಆಸ್ಪತ್ರೆಯವರು ರಕ್ತದ ವರದಿ ನೋಡಿ ಹುಬ್ಬುಗಂಟಿಕ್ಕಿದರು. ಜ್ವರದ ಔಷಧಿ. ಸಾಮಾನ್ಯ ಪ್ರಮಾಣವಲ್ಲ, ಲಿವರಿಗೆ ಪೆಟ್ಟು ಬೀಳುವಷ್ಟು.

ಡೇಕೇರಿನಲ್ಲಿ ಆ ದಿನ ಯಾವ ಮಗುವಿಗೂ ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಹಾಗೆಂದು ಬರೆದಿತ್ತು.

* * *

ಅಮ್ರೀನ್ ಡೇಕೇರುಗಳಿಗೆ ಲೈಸೆನ್ಸು ಕೊಡುವ ಇಲಾಖೆಯ ಇನ್‌ಸ್ಪೆಕ್ಟರು. ಹುಟ್ಟಿದ್ದು ಬೆಂಗಳೂರಿನಲ್ಲಿ, ಹೈಸ್ಕೂಲು ಮುಗಿಸಿದ್ದು ಇಲ್ಲಿ, ಅಮೆರಿಕದಲ್ಲಿ. ಕನ್ನಡದವರ ಡೇಕೇರು ಎಂದಾಗೆಲ್ಲ ಆಫೀಸು ಅವಳನ್ನೇ ಕಳಿಸುತ್ತಿತ್ತು. ಶುಕ್ರವಾರ ಬೆಳಿಗ್ಗೆ ಡೇಕೇರಿದ್ದ ಸ್ಯಾನ್ ರಮೋನ್ ಊರಿನ ದಾರಿಯಲ್ಲಿ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಫೋನು ಮಾಡಿದಳು. ಮಾತು ಎರಡೇ ನಿಮಿಷ.

ಮಗು ಬದುಕುತ್ತದೆ. ಆದರೆ ಔಷಧಿ ಕೊಟ್ಟವರು ಯಾರು? ಡೇಕೇರಿನವರು, ಇಲ್ಲವೇ ತಾಯಿ. ಎರಡು ತಿಂಗಳಲ್ಲಿ ಐದು ಸಲ ತಾಯಿ 'ಜ್ವರ' ಎಂದು ಕ್ಲಿನಿಕ್ಕಿಗೆ ಕರೆತಂದಿದ್ದಾಳೆ. ಐದು ಸಲವೂ ಡಾಕ್ಟರಿಗೆ ಜ್ವರ ಸಿಕ್ಕಿಲ್ಲ. ಇಲ್ಲದ ಕಾಯಿಲೆ ಹೇಳಿ ಮಗುವಿಗೆ ಔಷಧಿ ಕುಡಿಸುವ ತಾಯಂದಿರೂ ಇರುತ್ತಾರೆ. ಇವಳು ಅಂಥವಳಾದರೆ ಮಗು ಮನೆಗೆ ಹೋಗುವುದಿಲ್ಲ, ಸರ್ಕಾರದ ಸುಪರ್ದಿಗೆ ಹೋಗುತ್ತದೆ. ಸೋಮವಾರ ಮಧ್ಯಾಹ್ನ ತೀರ್ಮಾನ.

ಡೇಕೇರಿನ ಡೈರೆಕ್ಟರು ಸಂಯುಕ್ತಾ ಫೈಲು ಜೋಡಿಸಿಟ್ಟುಕೊಂಡೇ ಕೂತಿದ್ದಳು. ಗೋಡೆಯ ತುಂಬ ನಿಯಮಗಳು. ಕೈ ತೊಳೆಯುವ ಕ್ರಮ, ಡಯಾಪರ್ ಬದಲಿಸುವ ಕ್ರಮ. ನೂರಾ ಒಂದು ಡಿಗ್ರಿ ದಾಟಿದರೆ ಮಗು ಮನೆಗೆ. ಔಷಧಿಯಿಲ್ಲದೆ ಇಪ್ಪತ್ನಾಲ್ಕು ಗಂಟೆ ಜ್ವರ ಬರದಿದ್ದರೆ ಮಾತ್ರ ವಾಪಸ್ಸು.

"ನಮ್ಮಲ್ಲಿ ರೂಲ್ಸ್ ಅಂದ್ರೆ ರೂಲ್ಸೇ ಮೇಡಂ. ಮುರಿದೋರು ಒಬ್ರೇ."

ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಣ್ಣ ಬಾಟ್ಲಿಯನ್ನು ಮೇಜಿನ ಮೇಲಿಟ್ಟಳು. ಚೀಟಿಯಿಲ್ಲ.

"ಸತ್ಯವತಿಯವರ ಬ್ಯಾಗಲ್ಲಿತ್ತು. ನಿನ್ನೇನೇ ಸಸ್ಪೆಂಡ್ ಮಾಡಿದೀನಿ."

ಅಮ್ರೀನ್ ಮುಚ್ಚಳ ತೆಗೆದು ಮೂಸಿದಳು. ಓಮಿನ ವಾಸನೆ ಮೂಗಿಗೆ ಹೊಡೆಯಿತು.

* * *

"ಓಮಿನ ನೀರಮ್ಮ. ನನ್ ಹೊಟ್ಟೆಗೆ," ಎಂದರು ಸತ್ಯವತಿ. ಐವತ್ತೆಂಟು ವಯಸ್ಸು, ಮೈಸೂರಿನವರು. ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ನಿಂತು ಮಾತಾಡಿದರು. "ಇಲ್ಲಿನ ಚೀಸು ನಂಗಾಗಲ್ಲ. ಗ್ಯಾಸು. ಮಕ್ಕಳಿಗೆ ಕೊಡೋಕೆ ನನಗೇನು ಹುಚ್ಚಾ?"

"ಚೀಟಿಯಿಲ್ಲದ ಬಾಟ್ಲಿ ತರಬಾರದು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಅದಕ್ಕೆ ಬೈರಿ, ಬೈಸ್ಕೋತೀನಿ. ಆ ಮಗೂಗೆ ವಿಷ ಹಾಕ್ದೆ ಅಂದ್ರೆ ಮಾತ್ರ ಸುಮ್ನಿರಲ್ಲ."

"ತನ್ವಿಗೆ ಪದೇ ಪದೇ ಜ್ವರ ಬರ್ತಿತ್ತಂತೆ?"

"ಹಾಗಂತಾರೆ. ಜ್ವರ ನೋಡೋದು ಸಂಯುಕ್ತಾನೇ. ಬೇರೆಯವರು ಥರ್ಮಾಮೀಟರ್ ಮುಟ್ಟೋ ಹಾಗಿಲ್ಲ. ಎಲ್ಲಾ ಸೋಮವಾರಾನೇ ಬರೋದು ನೋಡಿ. ಶನಿವಾರ ಭಾನುವಾರ ಮನೇಲಿ ಏನು ಮಾಡ್ತಾರೋ ಏನೋ."

ಅಮ್ರೀನ್ ಕಾರಿನಲ್ಲಿ ಕೂತು ಹಾಳೆ ತಿರುವಿದಳು. ಹೆಚ್ಚುಕಡಿಮೆ ನಿಜ. ಎರಡು ತಿಂಗಳಲ್ಲಿ ಕೂಸುಗಳ ಕೋಣೆಯಲ್ಲಿ ಆರು ಜ್ವರ. ತನ್ವಿಗೆ ಐದು, ಅಭಿರಾಮ್ ಎಂಬ ಕೂಸಿಗೆ ಒಂದು. ಆರರಲ್ಲಿ ನಾಲ್ಕು ಸೋಮವಾರ. ಎಲ್ಲವೂ ಒಂಬತ್ತು ಇಪ್ಪತ್ತರ ಆಸುಪಾಸು. ಎಲ್ಲವೂ ನೂರಾ ಒಂದು ಪಾಯಿಂಟ್ ಎರಡು.

ವಾರಾಂತ್ಯ ಮನೆಯಲ್ಲಿ, ಸೋಮವಾರ ಜ್ವರ. ಹಾಗಾದರೆ ತಾಯಿಯೇ? ಆದರೆ ಜ್ವರದ ಔಷಧಿ ಕುಡಿಸಿದರೆ ಜ್ವರ ಇಳಿಯಬೇಕು, ಏರುವುದು ಹೇಗೆ? ಅಭಿರಾಮನಿಗೆ ಯಾಕೆ ಬಂತು? ಅಮ್ರೀನಳಿಗೆ ತಲೆಬುಡ ಅರ್ಥವಾಗಲಿಲ್ಲ.

* * *

ತನ್ವಿಯ ತಾಯಿ ನಿಹಾರಿಕಾ ಆಸ್ಪತ್ರೆಯ ಕಾರಿಡಾರಿನಲ್ಲಿ ನಿನ್ನೆಯ ಬಟ್ಟೆಯಲ್ಲೇ ಕೂತಿದ್ದಳು. ಡಯಾಪರ್ ಬ್ಯಾಗು ತೊಡೆಯ ಮೇಲಿತ್ತು.

"ಗುರುವಾರ ಬೆಳಿಗ್ಗೆ ಮಗೂಗೆ ಏನಾದ್ರೂ ಔಷಧಿ ಕೊಟ್ರಾ?" ಅಮ್ರೀನ್ ಕೇಳಿದಳು.

"ಇಲ್ಲ. ಕೊಟ್ಟು ಕಳಿಸೋ ಹಾಗಿಲ್ವಲ್ಲ. ರೂಲು."

"ಬ್ಯಾಗು ನೋಡಬಹುದಾ?"

ನಿಹಾರಿಕಾ ಬ್ಯಾಗನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಬಿಟ್ಟಳು. ಬದಿಯ ಜೇಬಿನಲ್ಲಿ ಬೆಂಗಳೂರಿನ ಮೆಡಿಕಲ್ ಸ್ಟೋರಿನ ಚೀಟಿ ಹಚ್ಚಿದ ಪುಟ್ಟ ಬಾಟ್ಲಿ. ಜೊತೆಗೆ ಅಮೆರಿಕದ ಔಷಧಿ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಸಿರಿಂಜು.

"ಎರಡೂವರೆ ಎಂಎಲ್ ಮಾತ್ರ ಮೇಡಂ. ಡಾಕ್ಟ್ರು ಹೇಳಿದ್ದೇ ಅಷ್ಟು."

"ಡಾಕ್ಟ್ರು ಹೇಳಿದ್ದು ಇಲ್ಲಿನ ಸಿರಪ್ಪಿಗೆ. ಇದು ಊರಿಂದ ತಂದ ಡ್ರಾಪ್ಸು."

"ಇಲ್ಲಿನದ್ದು ಖಾಲಿಯಾಗಿತ್ತು. ಇದರ ಡ್ರಾಪರು ಸೂಟ್‌ಕೇಸಲ್ಲೇ ಒಡೆದುಹೋಗಿತ್ತು. ಅದಕ್ಕೆ ಈ ಸಿರಿಂಜು. ಎರಡೂ ಒಂದೇ ಔಷಧಿ ತಾನೆ?"

"ಔಷಧಿ ಒಂದೇ. ಡ್ರಾಪ್ಸು ಮೂರು ಪಟ್ಟು ಗಟ್ಟಿ. ಹನಿ ಲೆಕ್ಕದಲ್ಲಿ ಕೊಡಬೇಕಾದ್ದನ್ನ ನೀವು ಸಿರಿಂಜು ತುಂಬಾ ಕೊಟ್ಟಿದೀರಿ. ಎಷ್ಟು ದಿನದಿಂದ?"

"ಭಾನುವಾರದಿಂದ. ದಿನಕ್ಕೆ ನಾಲ್ಕು ಸಲ."

"ಭಾನುವಾರ ಜ್ವರ ಇತ್ತಾ?"

"ಇರ್ಲಿಲ್ಲ. ಬರಬಾರ್ದು ಅಂತ ಕೊಟ್ಟೆ. ಸೋಮವಾರ ಬಂತು ಅಂದ್ರೆ ಒಂಬತ್ತೂ ಇಪ್ಪತ್ತಕ್ಕೆ ಫೋನು. ಕರ್ಕೊಂಡು ಹೋಗಿ ಅಂತ. ಅವತ್ತು ರಜೆ, ಮಾರನೇ ದಿನಾನೂ ರಜೆ. ಆಫೀಸಲ್ಲಿ ವಾರ್ನಿಂಗ್ ಕೊಟ್ಟಾಯ್ತು. ಇನ್ನೊಂದ್ಸಲ ಎದ್ದು ಹೋದ್ರೆ ಬರೋದೇ ಬೇಡ ಅಂದಿದಾನೆ ಮ್ಯಾನೇಜರು."

"ಈ ಸೋಮವಾರ ಬೆಳಿಗ್ಗೇನೂ ಇದೇ ಬಾಟ್ಲಿಯಿಂದ ಕೊಟ್ರಾ?"

"ಏಳು ಗಂಟೆಗೆ."

"ಆದ್ರೂ ಒಂಬತ್ತೂ ಇಪ್ಪತ್ತಕ್ಕೆ ನೂರಾ ಒಂದು ಪಾಯಿಂಟ್ ಎರಡು?"

"ಹಾಗಂತ ಸಂಯುಕ್ತಾ ಹೇಳಿದ್ರು." ನಿಹಾರಿಕಾ ತಲೆಯೆತ್ತಿದಳು. "ಮೇಡಂ, ಇವರು ನನ್ನ ಮಗೂನ ಕಿತ್ಕೋತಾರಾ?"

ಅಮ್ರೀನ್ ಬಾಟ್ಲಿಯನ್ನೂ ಸಿರಿಂಜನ್ನೂ ಚೀಲಕ್ಕೆ ಹಾಕಿಕೊಂಡಳು. ಔಷಧಿ ಕೊಟ್ಟವರು ಯಾರೆಂದು ಗೊತ್ತಾಗಿತ್ತು. ಜ್ವರ ನಿಜವಾಗಿತ್ತೆಂದು ತೋರಿಸದಿದ್ದರೆ ಈ ತಾಯಿಗೆ ಉಳಿಗಾಲವಿಲ್ಲ. ಆದರೆ ಮೂರು ಪಟ್ಟು ಔಷಧಿ ಹೊಟ್ಟೆಯಲ್ಲಿರುವಾಗ, ಎರಡೇ ಗಂಟೆಯಲ್ಲಿ, ಪ್ರತಿ ಸಲದ ಅದೇ ಅಂಕೆಗೆ ಏರುವ ಜ್ವರ ಯಾವುದು?

* * *

ಶನಿವಾರ, ಭಾನುವಾರ ಅಮ್ರೀನ್ ಊಟದ ಮೇಜಿನ ಮೇಲೆ ಡೇಕೇರಿನ ಹಾಳೆಗಳನ್ನೇ ಹರಡಿಕೊಂಡು ಕೂತಳು. ಜ್ವರದ ಹಾಳೆ ಏನನ್ನೂ ಹೇಳಲಿಲ್ಲ. ಬೇಜಾರಾಗಿ ಹಾಜರಿ ಹಾಳೆ ಎಳೆದುಕೊಂಡಳು. ಬೆಳಿಗ್ಗೆ ಮಗುವನ್ನು ಬಿಡುವಾಗ ಅಪ್ಪ ಅಮ್ಮ ಸಹಿ ಹಾಕಿ, 'ಇಂದು ಎಲ್ಲಿ ಸಿಗುತ್ತೀರಿ' ಎಂಬ ಕಾಲಮ್ಮು ತುಂಬುತ್ತಾರೆ. ಕೆಳಗೆ ಟೀಚರುಗಳ ಸಹಿ.

ಭಾನುವಾರ ಮಧ್ಯಾಹ್ನ ಅವಳ ಬೆರಳು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ನೋಡಿದಳು. ಆಮೇಲೆ ಸತ್ಯವತಿಗೆ ಫೋನು ಮಾಡಿದಳು.

"ನಾಳೆ ಒಂಬತ್ತಕ್ಕೆ ಡೇಕೇರಿನ ಪಾರ್ಕಿಂಗಿಗೆ ಬನ್ನಿ."

* * *

ಸೋಮವಾರ. ಅಮ್ರೀನಳ ಕಾರಿನಲ್ಲಿ ಸತ್ಯವತಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ಸಾಲೇಹಾಳಿಗೆ ಸೋಮವಾರ ಕಾಲೇಜಿನ ಕ್ಲಾಸು, ಬರುವುದಿಲ್ಲ. ಕೂಸುಗಳ ಕೋಣೆಯಲ್ಲಿ ಸಂಯುಕ್ತಾ ಒಬ್ಬಳೇ. ತನ್ವಿಯ ಜಾಗ ಖಾಲಿಯಿರಲಿಲ್ಲ. ವೇಯ್ಟಿಂಗ್ ಲಿಸ್ಟಿನಿಂದ ಹೊಸ ಕೂಸು ಬಂದಿತ್ತು. ಒಟ್ಟು ಐದು.

ಅಮ್ರೀನ್ ಒಂದು ಚೀಟಿ ಬರೆದು ಮಡಚಿ ಸತ್ಯವತಿಯ ಕೈಗಿತ್ತಳು. "ಈಗ ತೆರೀಬೇಡಿ."

"ಇದೇನಮ್ಮ, ಗಿಣಿಶಾಸ್ತ್ರನಾ?"

ಒಂಬತ್ತು ಇಪ್ಪತ್ತೆರಡಕ್ಕೆ ಇಬ್ಬರೂ ಒಳಗೆ ಹೋದರು. ಸಂಯುಕ್ತಾ ಬೆನ್ನು ತಿರುಗಿಸಿಕೊಂಡು ಫೋನಿನಲ್ಲಿದ್ದಳು.

"...ಹೂಂ ಮಧ್ವೇಶ್, ಸಾರಿ. ಅಭಿರಾಮ್‌ಗೆ ಜ್ವರ. ನೂರಾ ಒಂದು ಪಾಯಿಂಟ್ ಎರಡು. ಬೇಗ ಬಂದು—"

ತಿರುಗಿದಳು.

"ಫೋನ್ ಕಟ್ ಮಾಡಬೇಡಿ, ಹಾಗೇ ಮೇಜಿನ ಮೇಲಿಡಿ," ಎಂದಳು ಅಮ್ರೀನ್. "ಥರ್ಮಾಮೀಟರ್ ಕೊಡಿ."

ಅಭಿರಾಮ್ ನೆಲದ ಮೇಲೆ ಕೂತು ಕರಡಿ ಬೊಂಬೆಯ ಕಿವಿ ಜಗಿಯುತ್ತಿದ್ದ. ಅಮ್ರೀನ್ ಥರ್ಮಾಮೀಟರನ್ನು ಅವನ ಕಿವಿಗಿಟ್ಟಳು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಸತ್ಯವತಿ ಚೀಟಿ ಬಿಚ್ಚಿದರು. 'ಒಂಬತ್ತೂವರೆಯೊಳಗೆ ಅಭಿರಾಮನಿಗೆ ಜ್ವರ ಬರುತ್ತದೆ.'

"ಇಳಿದಿರಬೇಕು," ಎಂದಳು ಸಂಯುಕ್ತಾ. "ಮಕ್ಕಳದ್ದು ಏರತ್ತೆ, ಇಳಿಯತ್ತೆ."

"ಇದರಲ್ಲಿ ಹಿಂದಿನ ಮೂವತ್ತು ಅಳತೆ ಉಳಿದಿರುತ್ತೆ. ಗೊತ್ತಿರಲಿಲ್ವಾ?" ಅಮ್ರೀನ್ ಗುಂಡಿ ಒತ್ತುತ್ತ ಹೋದಳು. "ತೊಂಬತ್ತೆಂಟು. ತೊಂಬತ್ತೇಳು. ತೊಂಬತ್ತೊಂಬತ್ತು. ದಿನಾ ಬೆಳಿಗ್ಗೆ ನೀವು ಎಲ್ಲ ಕೂಸುಗಳನ್ನೂ ನೋಡ್ತೀರಿ. ಹೋದ ಸೋಮವಾರದ್ದೂ ಇದರಲ್ಲಿದೆ. ತನ್ವಿಗೆ ನೂರಾ ಒಂದು ಅಂತ ಬರೆದಿರೋ ಸೋಮವಾರ. ಎಲ್ಲಿದೆ ಆ ನೂರಾ ಒಂದು?"

ಸತ್ಯವತಿ ಕೇಳಿದರು. "ಜ್ವರ ಇಲ್ಲದಿದ್ರೆ ಯಾಕೆ ಹೇಳ್ಬೇಕು? ನಂಗೊಂದೂ ಅರ್ಥ ಆಗ್ತಿಲ್ಲ."

"ಒಬ್ಬ ಟೀಚರಿಗೆ ನಾಲ್ಕೇ ಕೂಸು. ಕಾನೂನು. ನೀವು ಇಬ್ಬರಿದ್ದಾಗ ಐದು ಕೂಸಿಗೆ ತೊಂದರೆಯಿಲ್ಲ. ಸಾಲೇಹಾ ಬರದ ದಿನ ಒಂದು ಕೂಸು ಹೆಚ್ಚಾಗುತ್ತೆ. ಅದು ಸಾಮಾನ್ಯವಾಗಿ ಸೋಮವಾರ. ಉಳಿದೆರಡು ಜ್ವರ ಅವಳು ರಜೆ ಹಾಕಿದ ದಿನ ಬಂದಿವೆ. ಜ್ವರ ಇಲ್ಲದ ಸೋಮವಾರಗಳಲ್ಲಿ ಯಾರದೋ ಮಗು ತಾನಾಗೇ ಬಂದಿರಲಿಲ್ಲ. ನಾಲ್ಕೇ ಇದ್ದಾಗ ಜ್ವರ ಬರಲೇ ಇಲ್ಲ."

"ಅಯ್ಯೋ. ತನ್ವಿಗೇ ಯಾಕೆ?"

"ಹಾಜರಿ ಹಾಳೇಲಿ 'ಎಲ್ಲಿ ಸಿಗುತ್ತೀರಿ' ಕಾಲಮ್ಮು ನೋಡಿ. ಉಳಿದವರ ಆಫೀಸೆಲ್ಲ ದೂರ, ಒಬ್ಬರು ಎಮರಿವಿಲ್, ಒಬ್ಬರು ಬೆರ್ರಿಯೆಸಾ. ಕರೆದರೆ ಬರೋಕೆ ಗಂಟೆ ಹಿಡಿಯುತ್ತೆ. ನಿಹಾರಿಕಾ ಆಫೀಸು ಇಲ್ಲೇ, ಐದು ನಿಮಿಷ. ಒಂದು ಸೋಮವಾರ ಮಾತ್ರ ಅವಳು ಬೆರ್ರಿಯೆಸಾಕ್ಕೆ ಮೀಟಿಂಗಿಗೆ ಹೋಗಿದ್ದಳು. ಅವತ್ತು ಜ್ವರ ಅಭಿರಾಮನಿಗೆ. ಅವನ ಅಪ್ಪ ಮಧ್ವೇಶ್ ಎಮರಿವಿಲ್‌ನಲ್ಲಿ ಕೆಲಸ ಮಾಡೋದು, ಸೋಮವಾರ ಮಾತ್ರ ಮನೆಯಿಂದ. ಇವತ್ತು ತನ್ವಿ ಇಲ್ಲ. ಇನ್ಯಾರು?"

ಸಂಯುಕ್ತಾಳಿಗೆ ಈಗ ಸಿಟ್ಟು ಬಂತು. "ರೇಷಿಯೋ ಮುರೀಬಾರ್ದು ಅಂತ ನೀವೇ ತಾನೆ ಬರ್ದಿರೋದು? ಒಂದ್ ದಿನಾನಾದ್ರೂ ಮುರಿದಿದೀನಾ? ತೋರ್ಸಿ. ಟೀಚರು ಸಿಗ್ತಾರಾ ಈ ಊರಲ್ಲಿ?"

"ನೀವೇ ಕೋಣೇಲಿ ಕೂರಬಹುದಿತ್ತು."

"ಅಡ್ಮಿಷನ್ ಕೇಳಿ ಬರೋ ಅಪ್ಪ ಅಮ್ಮಂದಿರಿಗೆ ಡೇಕೇರು ಯಾರು ತೋರಿಸ್ತಾರೆ?"

"ಇಲ್ಲದ ಜ್ವರಕ್ಕೆ ಹೆದರಿ ಆ ತಾಯಿ ಮಗೂಗೆ ಔಷಧಿ ಕುಡಿಸಿದಾಳೆ. ತಪ್ಪು ಬಾಟ್ಲಿ, ತಪ್ಪು ಅಳತೆ, ಅದು ಅವಳದ್ದೇ. ಕುಡಿಸೋ ಹಾಗೆ ಮಾಡಿದ್ದು ನಿಮ್ಮ ಸುಳ್ಳು. ಗುರುವಾರ ಸಂಜೆಯಿಂದ ನಿಮಗದು ಗೊತ್ತಿತ್ತು. ಅದಕ್ಕೇ ಓಮಿನ ನೀರು ಹಿಡಿದು ಓಡಾಡಿದ್ರಿ. ಈಗ ಹೊರಗೆ ಹೋಗಿ. ಸುಳ್ಳು ದಾಖಲೆಗೆ ಪೊಲೀಸರಿಗೂ ವರದಿ ಹೋಗುತ್ತೆ."

ಸಂಯುಕ್ತಾ ಕೀಲಿಗೊಂಚಲು ಮೇಜಿನ ಮೇಲೆ ಎಸೆದು ಹೋದಳು. ಕೋಣೆಯಲ್ಲಿ ಐದು ಕೂಸು ಉಳಿದವು. ಇನ್‌ಸ್ಪೆಕ್ಟರು ಲೆಕ್ಕಕ್ಕೆ ಬರುವುದಿಲ್ಲ. ಟೀಚರು ಒಬ್ಬರೇ.

ಮೇಜಿನ ಮೇಲಿನ ಫೋನಿನಿಂದ 'ಹಲೋ, ಹಲೋ' ಎಂಬ ಸದ್ದು ಬರುತ್ತಲೇ ಇತ್ತು. ಸತ್ಯವತಿ ಎತ್ತಿಕೊಂಡರು.

"ಮಧ್ವೇಶ್ ಅವರೇ, ಸತ್ಯವತಿ ಮಾತಾಡ್ತಿರೋದು. ನಿಮ್ಮ ಮಗೂಗೆ ಜ್ವರ ಇಲ್ಲ. ಇಲ್ಲಿ ಜನ ಇಲ್ಲ. ಬಂದು ಕರ್ಕೊಂಡು ಹೋಗಿ."

* * *

ಹನ್ನೊಂದು ಗಂಟೆಗೆ ಅಮ್ರೀನ್ ಪಾರ್ಕಿಂಗಿನಿಂದಲೇ ಸಮಾಜ ಕಾರ್ಯಕರ್ತೆಗೆ ಥರ್ಮಾಮೀಟರಿನ ಅಳತೆಗಳ ಫೋಟೋ, ಹಾಳೆ ಎಲ್ಲ ಕಳಿಸಿದಳು. ಹನ್ನೆರಡೂವರೆಗೆ ಉತ್ತರ ಬಂತು. ತಾಯಿಗೆ ಔಷಧಿ ಅಳತೆಯ ತರಬೇತಿ, ತಿಂಗಳಿಗೊಂದು ಭೇಟಿ. ಮಗು ಮನೆಗೆ ಹೋಗಬಹುದು.

ಅಮ್ರೀನಳೇ ನಿಹಾರಿಕಾಳಿಗೆ ಫೋನು ಮಾಡಿ ಹೇಳಿದಳು. ನಿಹಾರಿಕಾ ಅಳುತ್ತಾಳೆ ಎಂದುಕೊಂಡಿದ್ದಳು. ಅಳಲಿಲ್ಲ.

"ಐದು ಸಲದಲ್ಲಿ ಒಂದ್ಸಲಾನೂ ಜ್ವರ ಇರ್ಲಿಲ್ವಾ ಮೇಡಂ?"

"ಒಂದ್ಸಲಾನೂ ಇರ್ಲಿಲ್ಲ."



"ಪ್ರತಿ ಸಲ ಕಾರಲ್ಲಿ ಕೂರಿಸುವಾಗ ಹಣೆ ಮುಟ್ಟಿ ನೋಡ್ತಿದ್ದೆ," ಎಂದಳು ನಿಹಾರಿಕಾ. "ತಣ್ಣಗಿರ್ತಿತ್ತು. ನನ್ ಕೈಗೇ ಏನೂ ತಿಳಿಯಲ್ಲ ಅಂದ್ಕೊಂಡೆ."