ಎರಡು ದಪ್ಪ ಬನಿಯನ್

"ಶರಣ್ಯಾ, ಒಂಚೂರು ನೋಡಿ ಹೇಳವಾ. ಇದರಾಗ ಯಾವ್ದು ಹಾಕ್ಸಲಿ ಇಕಿಗೆ?"

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಕೆಳಗಿನ ಅಪಾರ್ಟ್‌ಮೆಂಟಿನ ಊರ್ಮಿಳಾ ಆಂಟಿ ತೋಳಿನ ತುಂಬ ಬಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಮಗಳು ಸ್ನೇಹಲ್. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್.

ಶರಣ್ಯಾ ಬಟ್ಟೆ ನೋಡಿದಳು. ಹತ್ತಿಯ ದಪ್ಪ ಬನಿಯನ್ ಎರಡು. ನುಣ್ಣಗೆ ಜಾರುವ ಪಾಲಿಯೆಸ್ಟರ್ ಟೀಶರ್ಟ್ ಒಂದು. ಒಂದು ಫ್ಲೀಸ್ ಜಾಕೆಟ್ಟು.

ಯಾವುದು ಹಾಕಬೇಕೆಂದು ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಹೋದ ವಾರ ಕಯಾಕ್ ದೋಣಿ ಕ್ಲಾಸಿನಲ್ಲಿ ಕೋಚ್ ಲಿಂಡಾ ಮೂರು ಸಲ ಹೇಳಿದ್ದರು.

"ಇಷ್ಟು ದಿನ ಪೂಲಿನ ಬಿಸಿನೀರಲ್ಲಿ ಆಟ ಆಡಿದಿರಿ. ಮುಂದಿನ ವಾರ ಲಗೂನಿಗೆ, ಸಮುದ್ರದ ಹಿನ್ನೀರಿಗೆ, ಇಳಿಯುತ್ತೇವೆ. ಮಾರ್ಚ್ ತಿಂಗಳ ನೀರು ಇನ್ನೂ ಕೊರೆಯುತ್ತೆ, ನೆನಪಿರಲಿ. ಬಿಸಿಲು ನೋಡಿ ಬಟ್ಟೆ ಹಾಕಬೇಡಿ, ನೀರು ನೋಡಿ ಹಾಕಿ. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಅಂಟಿ ಕೂರುತ್ತೆ, ಬೇಗ ಒಣಗಲ್ಲ. ನೋ ಕಾಟನ್!"

ಅವತ್ತು ಸ್ನೇಹಲ್ ಬಂದಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. "ನೀವಿಬ್ಬರೂ ಒಂದೇ ಬಿಲ್ಡಿಂಗ್ ಅಲ್ಲವಾ? ಅವಳಿಗೆ ಹೇಳಿಬಿಡು ಶರಣ್ಯಾ" ಎಂದಿದ್ದರು ಕೋಚ್. ಅಷ್ಟಕ್ಕೇ ನಿಲ್ಲಿಸಿದ್ದರೆ ಶರಣ್ಯಾ ಹೇಳಿಯೇ ಬಿಡುತ್ತಿದ್ದಳು. ಆದರೆ ಕೋಚ್ ಇನ್ನೂ ಒಂದು ಮಾತು ಸೇರಿಸಿದ್ದರು.

"ಮೊದಲನೇ ದೋಣಿಯಲ್ಲಿ ನನ್ನ ಮುಂದೆ ಸ್ನೇಹಲ್ ಕೂರಲಿ. ಅವಳ ಹಾಗೆ ನೇರವಾಗಿ ಹುಟ್ಟು ಹಾಕುವವರು ನಿಮ್ಮಲ್ಲಿ ಯಾರೂ ಇಲ್ಲ."

ಮೊದಲನೇ ದೋಣಿ! ಎಲ್ಲರಿಗಿಂತ ಮುಂದೆ, ಸೇತುವೆ ಕೆಳಗೆ ನುಗ್ಗಿ ಹೋಗುವ ದೋಣಿ. ಆ ಸೀಟಿಗಾಗಿ ಶರಣ್ಯಾ ಎರಡು ವರ್ಷ ಕಾದಿದ್ದಳು. ಈ ಸ್ನೇಹಲ್ ಧಾರವಾಡದಿಂದ ಈ ದೇಶಕ್ಕೆ ಬಂದು ಆರು ತಿಂಗಳೂ ಆಗಿಲ್ಲ. ಬರುವಾಗ ಹುಟ್ಟು ಹಿಡಿಯುವುದೇ ಗೊತ್ತಿರಲಿಲ್ಲ. ಹಿಡಿಯಲು ತೋರಿಸಿಕೊಟ್ಟವಳೇ ಶರಣ್ಯಾ! ವಾರವಿಡೀ ಸ್ಕೂಲ್ ಬಸ್ಸಿನಲ್ಲಿ ಸ್ನೇಹಲ್ ಪಕ್ಕಕ್ಕೆ ಬಂದರೆ ಬ್ಯಾಗು ಸೀಟಿನ ಮೇಲಿಟ್ಟು ಕಿಟಕಿ ಕಡೆ ತಿರುಗುತ್ತಿದ್ದಳು.

ಈಗ ಅವಳು ಬನಿಯನ್ ಮುಟ್ಟಿ ನೋಡಿದಳು.

"ದಪ್ಪ ಇರೋದು ವಾರ್ಮ್ ಇರುತ್ತಲ್ವಾ, ಆಂಟಿ?"

"ಹೌದಲ್ಲ! ನಾನೂ ಅದನ್ನ ಅಂದೆ. ಎರಡೂ ಹಾಕ್ಕೊಳ್ಲೆ ಸ್ನೇಹಲ್, ಒಂದರ ಮ್ಯಾಲೊಂದು. ಆ ಜಾರೋ ಅಂಗಿ ಬ್ಯಾಡ, ಅದರಾಗ ಏನ್ ಬೆಚ್ಚಗ ಐತಿ?"

"ಥ್ಯಾಂಕ್ಸ್ ಶರಣ್ಯಾ" ಎಂದಳು ಸ್ನೇಹಲ್, ಹಲ್ಲಿನ ಕ್ಲಿಪ್ಪು ಪೂರಾ ಕಾಣುವಂತೆ ನಕ್ಕು.

ನಾನೇನೂ ಸುಳ್ಳು ಹೇಳಲಿಲ್ಲ, ಎಂದುಕೊಂಡಳು ಶರಣ್ಯಾ. ಬರೀ ಪ್ರಶ್ನೆ ಕೇಳಿದೆ.

ಲಗೂನಿನ ದಂಡೆಯಲ್ಲಿ ಬಿಸಿಲು ಚುರುಕಾಗಿತ್ತು. ಕ್ಲಬ್ಬಿನವರು ಕೊಟ್ಟ ರಬ್ಬರ್ ಸೂಟಿನೊಳಗೆ ಎರಡು ಬನಿಯನ್ ತುರುಕಿಕೊಂಡು, ಮೇಲೆ ಲೈಫ್ ಜಾಕೆಟ್ ತೊಟ್ಟು, ಸ್ನೇಹಲ್ ಉಬ್ಬಿದ ಪೂರಿಯಂತೆ ಕಾಣುತ್ತಿದ್ದಳು.

"ಹೇ, ಅವಳಿಗೆ ದೋಣಿ ಬೇಡ, ಅವಳೇ ತೇಲ್ತಾಳೆ!" ಎಂದ ಕುಶಲ್, ಅವರ ಕ್ಲಾಸಿನ ಹುಡುಗ.

"ನಿನ್ನೂ ಎಳ್ಕೊಂಡು ಹೋಗ್ತೀನಿ, ಹತ್ತು!" ಎಂದಳು ಸ್ನೇಹಲ್. ಎಲ್ಲರೂ ನಕ್ಕರು. ಶರಣ್ಯಾ ನಗಲಿಲ್ಲ.

ಹೊರಡುವ ಮೊದಲು ಎಲ್ಲರೂ ಒಬ್ಬೊಬ್ಬರಾಗಿ ನೀರಿಗೆ ಹಾರಿ, ಎರಡು ನಿಮಿಷ ತೇಲಿ ಮೇಲೆ ಬರಬೇಕಿತ್ತು. ದೋಣಿ ಮಗುಚಿದರೆ ಹೇಗಿರುತ್ತದೆಂದು ತಿಳಿಯಲಿ ಎಂದು. ಶರಣ್ಯಾ ಹಾರಿ ಬಂದಳು. ಮೈ ಜುಮ್ಮೆಂದಿತು, ಆಮೇಲೆ ಸರಿಹೋಯಿತು. ಸ್ನೇಹಲ್ ಹಾರಿದಳು, ಬಂದಳು, ದೋಣಿಯ ಮುಂದಿನ ಸೀಟಿನಲ್ಲಿ ಕೂತಳು. ಉಳಿದವರ ಸರದಿ ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು.

ಮೊದಲು ನಡುಗಿದ್ದು ಸ್ನೇಹಲ್‌ಳ ಹುಟ್ಟು. ಆಮೇಲೆ ಭುಜ. ಆಮೇಲೆ ಹಲ್ಲು ಕಟಕಟ ಎನ್ನತೊಡಗಿದವು. ತುಟಿ ನೇರಳೆ ಹಣ್ಣು ತಿಂದವರ ತುಟಿಯಾಯಿತು.

ಕೋಚ್ ಅವಳನ್ನು ದಡಕ್ಕೆ ಎಳೆದು ಸೂಟಿನ ಜಿಪ್ಪು ಇಳಿಸಿದರು. ಬನಿಯನ್ ಹಿಂಡಿದರೆ ನೀರು ದಳದಳ ಸುರಿಯಿತು.

"ಕಾಟನ್! ಅದೂ ಎರಡು! ಯಾರೂ ಹೇಳಲಿಲ್ಲವಾ ನಿನಗೆ?"

ಶರಣ್ಯಾ ತನ್ನ ಶೂ ನೋಡಿದಳು.

"ಐ ಫರ್ಗಾಟ್, ಕೋಚ್" ಎಂದಳು ಸ್ನೇಹಲ್, ನಡುಗುತ್ತಲೇ.

"ಇವತ್ತು ನೀನು ನೀರಿಗೆ ಇಳಿಯೋ ಹಾಗಿಲ್ಲ. ಶರಣ್ಯಾ, ಮುಂದಿನ ಸೀಟು ನಿನ್ನದು."

ಆಯಿತಲ್ಲ! ಬೇಕಾದದ್ದು ಕೈಗೆ ಬಂದೇ ಬಿಟ್ಟಿತು. ಶರಣ್ಯಾ ದೋಣಿಯಲ್ಲಿ ಕೂತಳು. ಸೀಟು ಇನ್ನೂ ಒದ್ದೆಯಾಗಿತ್ತು. ದಡದಲ್ಲಿ ಸ್ನೇಹಲ್ ತನ್ನ ಬ್ಯಾಗು ತೆರೆದು ಒಣಬಟ್ಟೆ ಹುಡುಕುತ್ತಿದ್ದಳು. ತೆಗೆದದ್ದು ಒಂದು ತೆಳ್ಳನೆ ಫ್ರಾಕು. ಬೆರಳು ಎಷ್ಟು ನಡುಗುತ್ತಿದ್ದವೆಂದರೆ ಅದೂ ಕೈ ಜಾರಿ ಒದ್ದೆ ಹಲಗೆಯ ಮೇಲೆ ಬಿತ್ತು.

ಶರಣ್ಯಾ ದೋಣಿಯಿಂದ ಎದ್ದಳು.

"ಎಲ್ಲಿಗೆ?" ಎಂದರು ಕೋಚ್.

"ನನ್ನ ಬ್ಯಾಗಲ್ಲಿ ವುಲನ್ ಸೆಟ್ ಇದೆ. ಅವಳಿಗೆ ಕೊಡ್ತೀನಿ."

"ಒಳ್ಳೆಯದು. ಆದರೆ ಬದಲಿ ಬಟ್ಟೆ ಇಲ್ಲದವರನ್ನು ನಾನು ಕರೆದುಕೊಂಡು ಹೋಗಲ್ಲ. ಗೊತ್ತಲ್ಲ?"

"ಗೊತ್ತು."

ಕೋಚ್ ಇಬ್ಬರ ಮುಖವನ್ನೂ ನೋಡಿದರು. ದಡದಲ್ಲಿದ್ದ ಇನ್ನೊಬ್ಬ ಕೋಚಿಗೆ ಇವರನ್ನು ಒಪ್ಪಿಸಿ, ಕುಶಲ್‌ನನ್ನು ಮುಂದೆ ಕೂರಿಸಿಕೊಂಡು ಹೊರಟರು.

ಒಣಗಿದ ಉಣ್ಣೆ ಬಟ್ಟೆ ತೊಟ್ಟು, ಟವೆಲ್ ಸುತ್ತಿಕೊಂಡು ಸ್ನೇಹಲ್ ಬಿಸಿಲಲ್ಲಿ ಕೂತಳು. ನಡುಕ ನಿಂತ ಮೇಲೆ ಹೇಳಿದಳು, "ಕೋಚ್ ನಿನ್ನ ಕೈಲೆ ಹೇಳಿ ಕಳಿಸಿರಬೇಕು, ನೀ ಮರ್ತಿದ್ದಿ ಅಂತ ಗೊತ್ತಾತು. ಅದಕ್ಕ ಕೋಚ್ ಮುಂದ ನಿನ್ನ ಹೆಸರು ಹೇಳ್ಲಿಲ್ಲ."

ಶರಣ್ಯಾ ಹೂಂ ಎಂದುಬಿಟ್ಟರೆ ಇಲ್ಲಿಗೇ ಮುಗಿಯುತ್ತಿತ್ತು.

"ಮರ್ತಿರಲಿಲ್ಲ" ಎಂದಳು.

ಸ್ನೇಹಲ್ ತಿರುಗಿ ನೋಡಿದಳು. ಟವೆಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು.

ಅಷ್ಟರಲ್ಲಿ ಪಾರ್ಕಿಂಗ್ ಲಾಟಿನಿಂದ ಊರ್ಮಿಳಾ ಆಂಟಿ ಫ್ಲಾಸ್ಕು ಹಿಡಿದು ಓಡಿ ಬಂದರು. ಮಗಳ ಕೆನ್ನೆ ಮುಟ್ಟಿ ನೋಡಿದರು. "ಇನ್ನೊಬ್ಬ ಕೋಚ್ ಫೋನ್ ಮಾಡಿ ಎಲ್ಲಾ ಹೇಳಿದ್ರು. ನಿನ್ನ ಬಟ್ಟಿ ಕೊಟ್ಟು ನೀನೂ ಉಳ್ಕೊಂಡ್ಯಂತ ಶರಣ್ಯಾ? ಎಂಥಾ ಛಲೋ ಹುಡುಗಿ ನೀ! ತಗೋ, ಮೊದಲ ನೀ ಕುಡಿ."

ಲೋಟದಲ್ಲಿ ಬಾದಾಮಿ ಹಾಲು ಹಬೆಯಾಡುತ್ತಿತ್ತು. ಸ್ನೇಹಲ್ ನೀರಿನ ಕಡೆ ನೋಡುತ್ತ ಸುಮ್ಮನೆ ಕೂತಿದ್ದಳು. ಅವಳು ಹೇಳುವುದಿಲ್ಲ ಎಂದು ಶರಣ್ಯಾಳಿಗೆ ತಿಳಿಯಿತು. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅವಳು ಲೋಟವನ್ನು ಸ್ನೇಹಲ್ ಕೈಗಿಟ್ಟಳು.

"ಆಂಟಿ, ಬೆಳಿಗ್ಗೆ ನೀವು ಕೇಳಿದಾಗ ನನಗೆ ಗೊತ್ತಿತ್ತು. ಕಾಟನ್ ಹಾಕಬಾರದು ಅಂತ. ಬೇಕಂತಲೇ ಹೇಳಲಿಲ್ಲ. ಸಾರಿ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಆಂಟಿಯ ಕೈ ನಿಂತಿತು. ಅವರು ಬೈಯಲಿಲ್ಲ, ನಗಲೂ ಇಲ್ಲ. ಫ್ಲಾಸ್ಕು ಕೆಳಗಿಟ್ಟು ಮಗಳ ಪಕ್ಕ ಕೂತರು.

ದೂರದಲ್ಲಿ ಮೊದಲನೇ ದೋಣಿ ಸೇತುವೆಯ ಕಡೆ ಹೋಗುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಕುಶಲ್ ಪೂರಾ ಸೊಟ್ಟ ಹಾಕ್ಲಿಕ್ಕತ್ಯಾನ" ಎಂದಳು ಸ್ನೇಹಲ್ ಕೊನೆಗೆ, ಯಾರಿಗೂ ಹೇಳದವಳಂತೆ.

ಶರಣ್ಯಾ ನೋಡಿದಳು. ನಿಜಕ್ಕೂ ಸೊಟ್ಟಗೇ ಇತ್ತು.

"ನಿನ್ನ ಹಾಗೆ ನೇರ ಯಾರೂ ಹಾಕಲ್ಲ" ಎಂದಳು.

ಅಷ್ಟು ಹೇಳಲು ಅವಳಿಗೆ ಒಂದು ವಾರ ಹಿಡಿದಿತ್ತು.