ಮುಗಿಲಕೋಟೆಗೆ ಬಂದ ಹಂಚುಹಕ್ಕಿ

ಬಲು ಹಿಂದೆ, ಹದ್ದುಗಳೂ ಏರಲಾರದ ಎತ್ತರದಲ್ಲಿ, ಮೋಡಗಳ ಮೇಲೊಂದು ರಾಜ್ಯವಿತ್ತು. ಹೆಸರು ಮುಗಿಲಕೋಟೆ. ಅದರ ಒಳಕೋಟೆಯಲ್ಲಿ ಸಾಲುಸಾಲು ಭರಣಿಗಳು, ಭರಣಿಗೊಂದು ಭೂತ. ಅನ್ನ ಬೇಯಿಸುವುದು, ನೀರು ತರುವುದು, ರಾಜ್ಯವನ್ನು ಬೀಳದಂತೆ ಎತ್ತಿ ಹಿಡಿಯುವುದು ಎಲ್ಲವೂ ಆ ಭೂತಗಳ ಕೆಲಸ.

ಆದರೆ ಅರಮನೆಯವರೆಲ್ಲ ಬಾಗಿಲ ಬಳಿಯ ಭರಣಿಯನ್ನೇ ಕೂಗುತ್ತಿದ್ದರು. ಮಿಕ್ಕ ಭೂತಗಳು ಗೊರಕೆ ಹೊಡೆಯುತ್ತಿದ್ದವು. ಒಂದು ದಿನ ಆ ಭರಣಿ ಫಟ್ಟನೆ ಒಡೆಯಿತು!

"ನನ್ನೊಬ್ಬನ ಕೈಲಾಗದು, ತಾಯೀ!" ಎಂದು ಅದರೊಳಗಿದ್ದ ಭೂತವು ರಾಜಕುಮಾರಿ ಮಲ್ಲಾಜಿಯ ಮುಂದೆ ಕುಸಿಯಿತು.

ಕೋಟೆ ಗಡಗಡ ನಡುಗಿ ಕೆಳಗೆ ಜಾರತೊಡಗಿತು. ಕೆಳಗೆ ಮಾಂತ್ರಿಕ ಧೂಮಾಂಗ ಅದನ್ನು ನುಂಗಲು ಬಾಯ್ತೆರೆದು ಕಾದಿದ್ದ.

ಮಲ್ಲಾಜಿ ರೆಕ್ಕೆಗುದುರೆ ಏರಿ ಮಿಂಚಿನ ಶಿಖರಕ್ಕೆ ಹಾರಿದಳು. ಅಲ್ಲಿ ಕೆಲಸ ಹಂಚಬಲ್ಲ ನೂರು ಕಣ್ಣಿನ ಹಂಚುಹಕ್ಕಿಯಿತ್ತು.

"ನಮ್ಮ ಭೂತಗಳಿಗೆ ಕೆಲಸ ಹಂಚಿಕೊಡುತ್ತೀಯಾ?"

"ಕೊಡುತ್ತೇನೆ. ಆದರೆ ಇನ್ನು ಯಾರೂ ಭರಣಿಯನ್ನು ಕೂಗಕೂಡದು, ನನ್ನನ್ನೇ ಕೂಗಬೇಕು. ನನ್ನ ಗೂಡು ಒಳಕೋಟೆಯಲ್ಲಿರಬೇಕು. ಹೊರಗಿನವರ ಮಾತಿಗೆ ನಾನು ಓಗೊಡುವುದಿಲ್ಲ."

"ಒಪ್ಪಿದೆ! ಕುದುರೆ ಹತ್ತು ಬೇಗ!"

ಹಕ್ಕಿ ಗೂಡಿಗೆ ಬಂದದ್ದೇ ತಡ, ಧೂಮಾಂಗ ಬೆಂಕಿ ಇಲಿಗಳನ್ನು ಬಿಟ್ಟ. ಮೂಲೆಮೂಲೆಯಿಂದ "ನೀರು! ನೀರು!" ಎಂಬ ಕೂಗು. ಹಕ್ಕಿ ಬಿಡುವಾಗಿದ್ದ ಭೂತವನ್ನು ಹುಡುಕಿ ಹುಡುಕಿ ಕಳಿಸಿತು. ಬೆಂಕಿ ಆರಿತು.

ಮಾಂತ್ರಿಕ ನಿದ್ದೆಯ ಹೊಗೆ ಊದಿದ. ಹಕ್ಕಿ ಒಂದೊಂದು ಭರಣಿಯನ್ನೂ ಕೊಕ್ಕಿನಿಂದ ಕುಟ್ಟಿತು. ಓಗೊಟ್ಟವಕ್ಕೆ ಕೆಲಸ ಕೊಟ್ಟಿತು, ಓಗೊಡದವನ್ನು ಎಚ್ಚರಾಗುವವರೆಗೆ ಬಿಟ್ಟಿತು. ಕೋಟೆ ಬೀಳಲಿಲ್ಲ!

ಕೊನೆಗೆ ಹೆಬ್ಬಾಗಿಲ ಹೊರಗಿಂದ ರಾಜನ ದನಿ ಕೇಳಿತು. "ಮಗಳೇ, ಸಿಕ್ಕಿಬಿದ್ದಿದ್ದೇನೆ! ಭೂತಗಳನ್ನೆಲ್ಲ ಹೊರಗೆ ಕಳಿಸು!"

ಮಲ್ಲಾಜಿ ಬಾಗಿಲತ್ತ ಓಡಿದಳು. ಅಪ್ಪ ಬೆಳಗಿನಿಂದ ಕಣ್ಣಿಗೇ ಬಿದ್ದಿರಲಿಲ್ಲ. ಹಕ್ಕಿ ಅವಳನ್ನೇ ನೋಡಿತು.

ಅವಳು ಕಣ್ಣೊರೆಸಿಕೊಂಡಳು. "ನನ್ನಪ್ಪ ತನಗೋಸ್ಕರ ಊರನ್ನು ಬೀಳಿಸುವವನಲ್ಲ. ಹಕ್ಕೀ, ಕೋಟೆಯನ್ನು ಮೇಲೆತ್ತು!"

ಭೂತಗಳೆಲ್ಲ ಒಟ್ಟಿಗೆ ಹೆಗಲು ಕೊಟ್ಟವು. ಕೋಟೆ ಮೋಡಗಳ ಮೇಲಕ್ಕೆ ಚಿಮ್ಮಿತು! ಬಾಗಿಲಿಗೆ ಜೋತುಬಿದ್ದಿದ್ದ ಧೂಮಾಂಗ ಬಿಸಿಲು ತಾಗಿ ಹೊಗೆಯಾಗಿ ಚೆದುರಿಹೋದ.

ಅಷ್ಟರಲ್ಲಿ ಅಡುಗೆಮನೆಯಿಂದ, ಇಲಿಗಳನ್ನು ಅಟ್ಟಿ ಅಟ್ಟಿ ಮೈಯೆಲ್ಲ ಮಸಿಯಾಗಿದ್ದ ರಾಜ ಓಡೋಡಿ ಬಂದ. "ಯಾರಮ್ಮಾ ನನ್ನ ದನಿಯಲ್ಲಿ ಅರಚಿದ್ದು?"

ಮಲ್ಲಾಜಿ ನಗುತ್ತಾ ಅಳುತ್ತಾ ಅವನನ್ನು ತಬ್ಬಿಕೊಂಡಳು. ಅಂದು ಇಡೀ ಊರು ಮಾಳಿಗೆಯೇರಿ ಬಿಸಿ ಹೋಳಿಗೆ ತಿಂದು ಕುಣಿಯಿತು. ಆಮೇಲೆ ಅಲ್ಲಿ ಎಲ್ಲರೂ ನೆಮ್ಮದಿಯಿಂದ ಬಾಳಿದರು, ಭೂತಗಳೂ ಕೂಡ.